ನುಡಿಗೆ ಒಂದು ಅಂಕ, ನಡೆಗೆ ಇನ್ನೊಂದು: ಅಮೆರಿಕದ ಅಧ್ಯಕ್ಷೀಯ ಚರ್ಚೆಗಳ ಅಧ್ಯಯನ ಟಿಪ್ಪಣಿ

1960ರ ಕೆನಡಿ–ನಿಕ್ಸನ್ ಚರ್ಚೆ ಎಂದ ಕೂಡಲೇ ನಾವೆಲ್ಲ ಒಂದೇ ಸಾಲು ಬರೆದುಬಿಡುತ್ತೇವೆ: ರೇಡಿಯೊ ಕೇಳಿದವರಿಗೆ ನಿಕ್ಸನ್ ಗೆದ್ದಂತೆ ಅನ್ನಿಸಿತು, ಟಿ.ವಿ. ನೋಡಿದವರಿಗೆ ಕೆನಡಿ. ಈ ಸಾಲನ್ನು ಎಚ್ಚರದಿಂದ ಬಳಸಿ. ಆಗ ನಡೆದ ಸಮೀಕ್ಷೆಯಲ್ಲಿ ರೇಡಿಯೊ ಕೇಳಿದವರ ಸಂಖ್ಯೆ ಚಿಕ್ಕದು. ಅವರಲ್ಲಿ ಮೊದಲಿನಿಂದಲೂ ನಿಕ್ಸನ್ ಪರ ಇದ್ದವರೆಷ್ಟು ಎಂಬುದೂ ಸ್ಪಷ್ಟವಿರಲಿಲ್ಲ. ಸೆಪ್ಟೆಂಬರ್ 26ರ ರಾತ್ರಿ ಶಿಕಾಗೊ ಸ್ಟುಡಿಯೊದಲ್ಲಿ ಕಂಡದ್ದಂತೂ ನಿಜ. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದಿದ್ದ ನಿಕ್ಸನ್ ಸೊರಗಿದ್ದರು, ಬೆವರುತ್ತಿದ್ದರು, ಅವರ ಬೂದು ಸೂಟು ಹಿನ್ನೆಲೆಯಲ್ಲೇ ಕರಗಿಹೋಗಿತ್ತು.

ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಜೇಮ್ಸ್ ಡ್ರಕ್‌ಮನ್ ಎಂಬ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಅದೇ ಚರ್ಚೆಯನ್ನು ಕೆಲವರಿಗೆ ತೋರಿಸಿದರು, ಕೆಲವರಿಗೆ ಬರೀ ಕೇಳಿಸಿದರು. ನೋಡಿದವರಲ್ಲಿ ಕೆನಡಿ ಗೆದ್ದರು ಎಂದವರು ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ತೀರ್ಪು ಕೊಡುವಾಗ ಅಭ್ಯರ್ಥಿಯ ಪ್ರಾಮಾಣಿಕತೆ ಎಷ್ಟು ಎಂಬ ಭಾವನೆಗೆ ಅವರು ಕೇಳಿದವರಿಗಿಂತ ಹೆಚ್ಚು ಬೆಲೆ ಕೊಟ್ಟರು. ಅಂದರೆ ಪರದೆಯ ಮುಂದೆ ಕುಳಿತಾಗ ನಾವು ವಾದದ ಜೊತೆಗೆ ಮನುಷ್ಯನನ್ನೂ ಅಳೆಯುತ್ತೇವೆ. ಆದರೆ ಅಳೆಯಲು ನಮ್ಮ ಕೈಯಲ್ಲಿರುವುದು ಮುಖ, ದನಿ, ನಿಲುವು ಮಾತ್ರ. ಅಷ್ಟರಿಂದ ಗುಣ ತಿಳಿಯುತ್ತದೆಯೇ?

ಈ ಪ್ರಶ್ನೆಗೆ 1988ರ ಅಕ್ಟೋಬರ್ 13ರ ಚರ್ಚೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಪತ್ರಕರ್ತ ಬರ್ನಾರ್ಡ್ ಶಾ ಮೊದಲ ಪ್ರಶ್ನೆಯನ್ನೇ ಅಧ್ಯಕ್ಷೀಯ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಅವರಿಗೆ ಹೀಗೆ ಎಸೆದರು: ನಿಮ್ಮ ಹೆಂಡತಿ ಕಿಟ್ಟಿಯವರ ಮೇಲೆ ಅತ್ಯಾಚಾರ ಎಸಗಿ ಕೊಂದರೆ, ಆ ಕೊಲೆಗಾರನಿಗೆ ಮರಣದಂಡನೆ ಆಗಲಿ ಎನ್ನುತ್ತೀರಾ? ಡುಕಾಕಿಸ್ ಮರಣದಂಡನೆಯನ್ನು ಜೀವನವಿಡೀ ವಿರೋಧಿಸಿದವರು. ಇಲ್ಲ ಎಂದರು. ಅದು ಅಪರಾಧವನ್ನು ತಡೆಯುತ್ತದೆ ಎಂಬುದಕ್ಕೆ ಪುರಾವೆ ಕಾಣೆ ಎಂದರು. ದನಿ ಏರಲಿಲ್ಲ, ಮುಖ ಕದಲಲಿಲ್ಲ. ಹೆಂಡತಿಯ ಬಗ್ಗೆ ಒಂದು ಮಾತೂ ಆಡದೆ ಮಾದಕ ವಸ್ತುಗಳ ವಿರುದ್ಧದ ಹೋರಾಟದ ಕಡೆಗೆ ಹೊರಳಿದರು. ಇವರಿಗೆ ಹೃದಯವೇ ಇಲ್ಲ ಎಂಬ ಮಾತು ಹಬ್ಬಿತು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಎರಡು ಅಂಕಗಳನ್ನು ಬೇರೆ ಬೇರೆ ಕೊಡಬೇಕು. ಪ್ರದರ್ಶನಕ್ಕೆ ಕಡಿಮೆ ಅಂಕ, ಒಪ್ಪುತ್ತೇನೆ. ಕೇಳುವವರ ಎದೆಯ ಕಳವಳಕ್ಕೆ ಮೊದಲು ಒಂದು ಮಾತು ಹೇಳಬೇಕಿತ್ತು. ಆದರೆ ಗುಣ? ಅಷ್ಟು ಕ್ರೂರವಾದ ಪ್ರಶ್ನೆ ಎದುರಿಗೆ ನಿಂತಾಗಲೂ ತಾನು ನಂಬಿದ್ದನ್ನು ಬಿಟ್ಟುಕೊಡದ ವ್ಯಕ್ತಿ ಅವರು. ಓಟಿಗಾಗಿ ಅಲ್ಲೇ ನಿಲುವು ಬದಲಿಸಿದ್ದರೆ ಚಪ್ಪಾಳೆ ಸಿಗುತ್ತಿತ್ತೇನೋ. ಆ ಚಪ್ಪಾಳೆಯನ್ನು ಗುಣದ ಪುರಾವೆ ಎಂದು ಬರೆದುಕೊಳ್ಳುವುದು ತಪ್ಪಾಗುತ್ತಿತ್ತು.

ಇದಕ್ಕೆ ಎದುರಾಗಿ 1984ರ ಚರ್ಚೆಯ ರೇಗನ್ ಅವರನ್ನು ಇಡಿ. 73 ವರ್ಷದ ಅಧ್ಯಕ್ಷರು ಬಿಕ್ಕಟ್ಟಿನಲ್ಲಿ ದಿನಗಟ್ಟಲೆ ನಿದ್ದೆಗೆಟ್ಟು ಕೆಲಸ ಮಾಡಬಲ್ಲರೇ ಎಂಬುದು ನ್ಯಾಯವಾದ ಪ್ರಶ್ನೆ. ಎದುರಾಳಿಯ ಎಳೆವಯಸ್ಸನ್ನೂ ಅನನುಭವವನ್ನೂ ರಾಜಕೀಯಕ್ಕೆ ಬಳಸುವುದಿಲ್ಲ ಎಂದು ರೇಗನ್ ನಗೆ ಹಾರಿಸಿದರು. 56 ವರ್ಷದ ಎದುರಾಳಿ ಮಾಂಡೇಲ್ ಕೂಡ ನಕ್ಕರು. ಅನುಮಾನವೇ ಇಲ್ಲ ಎಂಬ ಒಂದು ಮಾತು ಬಿಟ್ಟರೆ ಪ್ರಶ್ನೆಗೆ ಉತ್ತರ ಬರಲೇ ಇಲ್ಲ.

ಗುಣ ನಿಜವಾಗಿ ಹೊರಬೀಳುವುದು ಬಹಳ ಸಲ ಚರ್ಚೆ ಮುಗಿದ ಮೇಲೆ. 1976ರ ಅಕ್ಟೋಬರ್ 6ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವಿಲ್ಲ ಎಂದುಬಿಟ್ಟರು. ಪೋಲೆಂಡ್, ಹಂಗೆರಿ, ಪೂರ್ವ ಜರ್ಮನಿಗಳಲ್ಲಿ ಸೋವಿಯತ್ ಸೈನ್ಯ ಬೀಡುಬಿಟ್ಟಿದ್ದ ಕಾಲ ಅದು. ಪ್ರಶ್ನೆ ಕೇಳಿದ ಮ್ಯಾಕ್ಸ್ ಫ್ರಾಂಕೆಲ್ ತಬ್ಬಿಬ್ಬಾಗಿ ಮತ್ತೆ ಕೇಳಿದರು. ತಿದ್ದಿಕೊಳ್ಳಲು ಅದೇ ಅವಕಾಶ. ಫೋರ್ಡ್ ಅದನ್ನು ಬಳಸಲಿಲ್ಲ, ಮುಂದಿನ ಹಲವು ದಿನಗಳೂ ತಪ್ಪೆಂದು ನೇರವಾಗಿ ಒಪ್ಪಲಿಲ್ಲ. ಬಾಯಿ ತಪ್ಪುವುದು ಯಾರಿಗೂ ಆಗಬಹುದು. ಆ ದಿನಗಳ ಹಟವೇ ನಾವು ಗಮನಿಸಬೇಕಾದ್ದು, ಏಕೆಂದರೆ ಅಧಿಕಾರದಲ್ಲಿ ಕುಳಿತವರಿಗೆ ತಪ್ಪು ತಿದ್ದಿಕೊಳ್ಳುವ ಪ್ರಸಂಗ ದಿನವೂ ಬರುತ್ತದೆ. ಇನ್ನೊಂದು ಮಾತು: ಆ ರಾತ್ರಿ ಬಹುಪಾಲು ವೀಕ್ಷಕರಿಗೆ ತಪ್ಪು ಹೊಳೆಯಲೇ ಇಲ್ಲ. ಪತ್ರಿಕೆ, ಟಿ.ವಿ.ಗಳು ಎತ್ತಿ ಹೇಳಿದ ಮೇಲೆಯೇ ಜನಾಭಿಪ್ರಾಯ ತಿರುಗಿತು. ಆದ್ದರಿಂದ ಸುದ್ದಿ ವಿಶ್ಲೇಷಣೆ ನೋಡುವ ಮೊದಲೇ ನಿಮ್ಮ ತೀರ್ಪನ್ನು ಬರೆದಿಡಿ.

ಹಾಗೆಂದು ವೇದಿಕೆ ಏನನ್ನೂ ತೋರಿಸುವುದಿಲ್ಲ ಎನ್ನಲಾರೆ. 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಬೈಡನ್ ಮಾತು ತಡವರಿಸಿದ್ದನ್ನು ಸ್ವಪಕ್ಷದವರೇ ಕಡೆಗಣಿಸಲಾಗಲಿಲ್ಲ. ಜುಲೈ 21ಕ್ಕೆ ಅವರು ಕಣದಿಂದ ಹಿಂದೆ ಸರಿದರು. ಸಾಮರ್ಥ್ಯದ ಬಗ್ಗೆ ಚರ್ಚೆ ಸಾಕ್ಷಿ ಹೇಳಬಲ್ಲದು. ಶೀಲದ ಬಗ್ಗೆ ಹೇಳುವುದು ಕಡಿಮೆ. ಅದಕ್ಕೆ ಹಳೆಯ ಮತದಾನದ ದಾಖಲೆ, ಕೊಟ್ಟು ಮರೆತ ಭರವಸೆ, ಜೊತೆಗೆ ದುಡಿದವರ ಮಾತು ಬೇಕು.

ಅಭ್ಯಾಸಕ್ಕೆ 1988ರ ಆ ಚರ್ಚೆಯನ್ನೇ ತೆಗೆದುಕೊಳ್ಳಿ. ಮೊದಲು ಡುಕಾಕಿಸ್ ಉತ್ತರದ ಲಿಖಿತ ಪ್ರತಿಯನ್ನು ಓದಿ ಎರಡೂ ಅಂಕ ಹಾಕಿ. ಆಮೇಲೆ ವಿಡಿಯೊ ನೋಡಿ ಮತ್ತೆ ಹಾಕಿ. ಎರಡನೆಯ ಸಲ ಯಾವ ಅಂಕ ಬದಲಾಯಿತು, ಯಾವ ಕ್ಷಣದಲ್ಲಿ ಬದಲಾಯಿತು ಎಂಬುದನ್ನು ಪಕ್ಕದಲ್ಲೇ ಗುರುತಿಸಿಕೊಳ್ಳಿ.