ಪ್ಲೇಟ್‌ಲೆಟ್ ಚೀಲದ ಪ್ಲಾಸ್ಟಿಕ್ ಬದಲಾಗಿದ್ದು ಹೇಗೆ?

ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣ. ದಾನಿಯಿಂದ ತೆಗೆದಿಟ್ಟ ಮೇಲೂ ಅದು ಚೀಲದೊಳಗೆ ಸುಮ್ನೆ ಬಿದ್ದಿರುವುದಿಲ್ಲ. ಗ್ಲೂಕೋಸ್ ಬಳಸಿಕೊಳ್ಳುತ್ತದೆ, ಆಮ್ಲಜನಕ ಎಳೆದುಕೊಳ್ಳುತ್ತದೆ, ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಾಗಾಗಿ ಚೀಲ ಎಂಥದ್ದು ಅನ್ನುವುದರ ಮೇಲೆ ಅದರ ಆಯಸ್ಸು ನಿಂತಿದೆ.

ಮೊದಲೆಲ್ಲ ರಕ್ತ ತುಂಬುತ್ತಿದ್ದದ್ದು ಗಾಜಿನ ಬಾಟಲಿಗೆ. 1950ರ ಸುಮಾರಿಗೆ ಬೋಸ್ಟನ್‌ನಲ್ಲಿ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನ ಚೀಲ ತಂದರು. ಒಂದಕ್ಕೊಂದು ಅಂಟಿಕೊಂಡ ಚೀಲಗಳಿದ್ದರೆ ಹೊರಗಿನ ಗಾಳಿ ತಾಗದ ಹಾಗೆ ಕೆಂಪು ಕಣ, ಪ್ಲಾಸ್ಮಾ (ರಕ್ತದ ದ್ರವಭಾಗ), ಪ್ಲೇಟ್‌ಲೆಟ್ ಬೇರೆ ಮಾಡಬಹುದು. ಇವತ್ತಿನ ರಕ್ತನಿಧಿಗಳೆಲ್ಲ ಇದರ ಮೇಲೇ ನಡೆಯುತ್ತಿವೆ.

ಪಿವಿಸಿ ಹುಟ್ಟಾ ಗಟ್ಟಿ. ಮೆದುವಾಗಲು ಡಿಇಎಚ್‌ಪಿ ಅನ್ನುವ ಎಣ್ಣೆಯಂಥ ರಾಸಾಯನಿಕವನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಅದು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ. ಪ್ಲಾಸ್ಮಾದಲ್ಲಿ ಕೊಬ್ಬಿನಂಶ ಇರುತ್ತದಲ್ವಾ, ಅದಕ್ಕೆ ಇಳಿದುಬಿಡುತ್ತದೆ. 1970ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಜೇಗರ್ ಮತ್ತು ರೂಬಿನ್ ಇದನ್ನು ಪತ್ತೆಹಚ್ಚಿ ಪ್ರಕಟಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗಂಡುಮರಿಗಳ ವೃಷಣಕ್ಕೆ ಹಾನಿ ಕಂಡಿದ್ದರಿಂದ, 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಂಡುಶಿಶುಗಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿತು.

ಆದರೆ ಪ್ಲೇಟ್‌ಲೆಟ್ ಚೀಲ ಬದಲಾಗಿದ್ದು ಈ ಭಯದಿಂದಲ್ಲ. ಕಾರಣ ಉಸಿರು.

1969ರಲ್ಲಿ ಸ್ಕಾಟ್ ಮರ್ಫಿ (ಈ ಮರ್ಫಿ ಬೇರೆ) ಮತ್ತು ಫ್ರಾಂಕ್ ಗಾರ್ಡ್‌ನರ್ ಒಂದು ವಿಷಯ ತೋರಿಸಿಕೊಟ್ಟರು. ಫ್ರಿಜ್‌ನಲ್ಲಿಟ್ಟ ಪ್ಲೇಟ್‌ಲೆಟ್ ರೋಗಿಯ ಮೈಯಲ್ಲಿ ಬೇಗ ಮಾಯವಾಗುತ್ತದೆ, 22 ಡಿಗ್ರಿಯಲ್ಲಿ ಇಟ್ಟದ್ದು ಜಾಸ್ತಿ ದಿನ ಬಾಳುತ್ತದೆ. ಅಂದಿನಿಂದ ಚೀಲಗಳು ಸಾಮಾನ್ಯ ಉಷ್ಣತೆಗೆ ಬಂದವು, ಮೆಲ್ಲಗೆ ಅಲ್ಲಾಡುವ ತಟ್ಟೆಗಳ ಮೇಲೆ ಮಲಗಿದವು. ಬೆಚ್ಚಗಿದ್ದರೆ ಆಮ್ಲಜನಕ ಜಾಸ್ತಿ ಬೇಕು. ಹಳೇ ಪಿವಿಸಿಯೊಳಗೆ ಅಷ್ಟು ಗಾಳಿ ನುಸುಳುತ್ತಿರಲಿಲ್ಲ. ಆಮ್ಲಜನಕ ಸಾಲದಿದ್ದರೆ ಪ್ಲೇಟ್‌ಲೆಟ್ ಲ್ಯಾಕ್ಟಿಕ್ ಆಮ್ಲ ಮಾಡಿಕೊಳ್ಳುತ್ತದೆ. ಪಿಎಚ್ (ಆಮ್ಲತೆಯ ಅಳತೆ, ಆಮ್ಲ ಹೆಚ್ಚಿದಷ್ಟೂ ಇಳಿಯುತ್ತದೆ) 6.2ಕ್ಕಿಂತ ಇಳಿದರೆ ಅದರ ಕತೆ ಮುಗಿದ ಹಾಗೆ. ಹೀಗಾಗಿ ಆಯಸ್ಸು ಮೂರೇ ದಿನ.

ಇದನ್ನು ಕಣ್ಣಿಂದಲೇ ನೋಡಬಹುದು. ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಆರೋಗ್ಯವಾಗಿರುವ ಪ್ಲೇಟ್‌ಲೆಟ್ ಬಿಲ್ಲೆಯಾಕಾರದ್ದು, ಬೆಳಕನ್ನು ತಿರುಗಿಸುತ್ತದೆ. ಒಳಗೆ ರೇಷ್ಮೆಯಂಥ ಮಿನುಗು ಸುಳಿಯುತ್ತದೆ. ಸೊರಗಿದರೆ ಉರುಟಾಗುತ್ತದೆ, ದ್ರವ ಮಂಕಾಗಿ ಕಾಣುತ್ತದೆ. ರಕ್ತನಿಧಿಯವರು ಇದಕ್ಕೆ ಸ್ವರ್ಲಿಂಗ್ ಅನ್ನುತ್ತಾರೆ.

1980ರ ದಶಕದ ಆರಂಭದಲ್ಲಿ ಗಾಳಿ ಚೆನ್ನಾಗಿ ಆಡುವ ಚೀಲಗಳು ಬಂದವು. ಕೆಲವು ಪಾಲಿಓಲೆಫಿನ್ ಅನ್ನುವ ಬೇರೆ ಪ್ಲಾಸ್ಟಿಕ್ಕಿನದು. ಅದಕ್ಕೆ ಮೆದು ಮಾಡುವ ರಾಸಾಯನಿಕವೇ ಬೇಡ. ಇನ್ನು ಕೆಲವು ಪಿವಿಸಿಯೇ, ಆದರೆ ಮೆದು ಮಾಡಲು ಡಿಇಎಚ್‌ಪಿ ಬದಲು ಟಿಒಟಿಎಂ ಅನ್ನುವ ರಾಸಾಯನಿಕ. ಇದು ಸೋರುವುದು ತೀರಾ ಕಡಿಮೆ. ಆಮೇಲೆ ಸಿಟ್ರೇಟ್ ಜಾತಿಯದೂ ಬಂತು. ಗಾಳಿಗಾಗಿ ಮಾಡಿದ ಬದಲಾವಣೆಯಲ್ಲಿ ಸೋರಿಕೆಯ ತಲೆನೋವೂ ಬಹುಪಾಲು ತಗ್ಗಿತು. ಅದೃಷ್ಟ ಅಂತಲೇ ಹೇಳಬೇಕು.

ಆಯಸ್ಸು ಐದು ದಿನಕ್ಕೇರಿತು. ಅಮೆರಿಕದಲ್ಲಿ 1984ರಲ್ಲಿ ಏಳು ದಿನವೂ ಆಯಿತು. ಆದರೆ ಬೆಚ್ಚಗಿನ ಚೀಲ ಬ್ಯಾಕ್ಟೀರಿಯಾಗಳಿಗೂ ಹಿತ. 1986ರಲ್ಲಿ ಮತ್ತೆ ಐದಕ್ಕೇ ಇಳಿಸಿದರು. ಚೀಲ ಎಷ್ಟೇ ಒಳ್ಳೆಯದಿರಲಿ, ಸೂಜಿ ಚುಚ್ಚುವಾಗ ಚರ್ಮದಿಂದ ಒಳಹೊಕ್ಕ ಸೂಕ್ಷ್ಮಜೀವಿಯನ್ನು ಅದು ತಡೆಯಲಾರದು. ಈಗ ಏಳು ದಿನ ಇಡಬೇಕಾದರೆ ಬ್ಯಾಕ್ಟೀರಿಯಾ ಪರೀಕ್ಷೆಯ ಕಟ್ಟುನಿಟ್ಟು ಬೇರೆ ಇದೆ.

ಹಾಗಾದರೆ ಡಿಇಎಚ್‌ಪಿ ಪೂರಾ ಏಕೆ ಹೋಗಲಿಲ್ಲ? ಕೆಂಪು ಕಣಗಳಿಂದಾಗಿ. ವಿಚಿತ್ರ ಅಂದರೆ, ಸೋರಿದ ಡಿಇಎಚ್‌ಪಿ ಕೆಂಪು ಕಣದ ಪೊರೆಗೆ ಬಲ ಕೊಡುತ್ತದೆ, ಒಡೆಯದ ಹಾಗೆ ಕಾಯುತ್ತದೆ. ಅದನ್ನು ತೆಗೆದರೆ ವಾರಗಟ್ಟಲೆ ಇಟ್ಟ ರಕ್ತದಲ್ಲಿ ಜಾಸ್ತಿ ಕಣ ಒಡೆಯುತ್ತವೆ. ಈ ಕಾರಣಕ್ಕೇ ನಿಯಮಗಳು ನಿಧಾನ. ವೈದ್ಯಕೀಯ ಸಾಮಗ್ರಿಗಳಲ್ಲಿ ಡಿಇಎಚ್‌ಪಿ ಬಿಡಲು ಯುರೋಪ್ ಕೊಟ್ಟ ಗಡುವು ಜಾರುತ್ತಾ ಜುಲೈ 2030ಕ್ಕೆ ಬಂದು ನಿಂತಿದೆ. ಕ್ಯಾಲಿಫೋರ್ನಿಯಾ 2024ರಲ್ಲಿ ಸಲೈನ್ ಚೀಲಗಳಿಂದ ಡಿಇಎಚ್‌ಪಿ ತೆಗೆಸುವ ಕಾನೂನು ಮಾಡಿತು, ಆದರೆ ರಕ್ತದ ಚೀಲಕ್ಕೆ ವಿನಾಯಿತಿ ಕೊಟ್ಟಿತು.

ಕೆಂಪು ಕಣಕ್ಕೆ ಈ ವಿನಾಯಿತಿ ಕೇಳಿದರೆ ಒಪ್ಪಬಹುದು. ಪ್ಲೇಟ್‌ಲೆಟ್‌ಗೆ ಆ ನೆಪ ನಿಲ್ಲುವುದಿಲ್ಲ, ಬದಲಿ ಪ್ಲಾಸ್ಟಿಕ್ ನಾಲ್ಕು ದಶಕದಿಂದ ಬಳಕೆಯಲ್ಲಿದೆ. ಉಳಿದಿರುವ ತೊಡಕು ದಾನಿಯ ರಕ್ತ ಮೊದಲು ಬೀಳುವ ಚೀಲ ಮತ್ತು ಉದ್ದನೆಯ ನಳಿಕೆಗಳದ್ದು. ಅಲ್ಲಿ ಹಳೇ ಪಿವಿಸಿ ಇನ್ನೂ ಸಾಕಷ್ಟಿದೆ.