ಮಣ್ಣಿನಡಿ ಮಲಗಿದ್ದ ಯುದ್ಧ

1939ರ ಸೆಪ್ಟೆಂಬರ್. ಹಿಟ್ಲರನ ಸೈನ್ಯ ಪೋಲೆಂಡ್‌ನ ರಾಜಧಾನಿ ವಾರ್ಸಾ ಕಡೆಗೆ ನುಗ್ಗುತ್ತಿತ್ತು. ಅಲ್ಲಿಂದ ಒಂದು ಚಿತ್ರವನ್ನು ಸುರುಳಿ ಸುತ್ತಿ ಲುಬ್ಲಿನ್ ಊರಿಗೆ ಸಾಗಿಸಿದರು. ಕಂಕುಳಲ್ಲಿ ಇಟ್ಟುಕೊಂಡು ಹೋಗುವ ಸುರುಳಿಯಲ್ಲ ಅದು. ಬಿಚ್ಚಿದರೆ 987 ಸೆಂಟಿಮೀಟರ್ ಉದ್ದ, 426 ಎತ್ತರ. ನಾಜಿಗಳು ಇದಕ್ಕಾಗಿ ಹುಡುಕಾಡಿದರು, ಸುಳಿವು ಕೊಟ್ಟವರಿಗೆ ಭಾರಿ ಬಹುಮಾನ ಎಂದರು. ಗುಟ್ಟು ಗೊತ್ತಿದ್ದವರು ಬಾಯಿ ಬಿಡಲಿಲ್ಲ.

ಬಣ್ಣ ಬಳಿದ ಬಟ್ಟೆಯ ಮೇಲೆ ಇಷ್ಟೊಂದು ಸಿಟ್ಟು ಯಾಕೆ?

ಚಿತ್ರದ ಹೆಸರು 'ಗ್ರುನ್‌ವಾಲ್ಡ್ ಕದನ'. ಬರೆದವನು ಯಾನ್ ಮಾತೆಯ್ಕೊ, ಕ್ರಾಕೋವ್‌ನವನು, 1838ರಲ್ಲಿ ಹುಟ್ಟಿದವನು. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಸೇರಿ 1795ರ ಹೊತ್ತಿಗೆ ಅದನ್ನು ಪೂರ್ತಿ ಹಂಚಿಕೊಂಡಿದ್ದರು. ದೇಶ ಇಲ್ಲದವರಿಗೆ ಉಳಿಯುವುದು ನೆನಪು ತಾನೆ? ಮಾತೆಯ್ಕೊ ಆ ನೆನಪನ್ನೇ ಬರೆಯುತ್ತಾ ಹೋದ.

ಆದರೆ ಬರೀ ಹೊಗಳಿಕೆ ಬರೆಯಲಿಲ್ಲ. ನನಗೆ ಅವನು ಇಷ್ಟವಾಗುವುದೇ ಇದಕ್ಕೆ. 1866ರ 'ರೆಯ್ತಾನ್' ನೋಡಿ. ದೇಶದ ಮೊದಲ ಹಂಚಿಕೆಗೆ 1773ರಲ್ಲಿ ಸಂಸತ್ತು ಒಪ್ಪಿಗೆ ಕೊಡಲು ಹೊರಟಾಗ ರೆಯ್ತಾನ್ ಎಂಬ ಪ್ರತಿನಿಧಿ ಬಾಗಿಲಿಗೆ ಅಡ್ಡ ಮಲಗಿ ಎದೆಯೊಡ್ಡಿದ್ದಾನೆ. ಸುತ್ತ ನಿಂತವರು ದೇಶ ಮಾರಿದ ದೊಡ್ಡ ಮನೆತನದವರು. ಚಿತ್ರ ಕಂಡು ಪೋಲಿಷ್ ಸಿರಿವಂತರೇ ಕೆರಳಿದರು. ನಮ್ಮ ಮಾನ ನಾವೇ ಕಳೆಯಬೇಕಾ ಅಂತ. ಮರುವರ್ಷ ಪ್ಯಾರಿಸ್‌ನಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಕೊಂಡುಕೊಂಡವನು ಯಾರು ಗೊತ್ತಾ? ಆಸ್ಟ್ರಿಯಾದ ಚಕ್ರವರ್ತಿ! ಹಂಚಿಕೊಂಡ ಮೂವರಲ್ಲಿ ಒಬ್ಬರ ಮನೆಯವನೇ. ಮಾತೆಯ್ಕೊ ಕೂಡ ಸುಮ್ನೆ ಕೂರಲಿಲ್ಲ. ತನ್ನನ್ನೇ ಕಂಬಕ್ಕೆ ಕಟ್ಟಿ ಶಿಕ್ಷೆ ಓದುತ್ತಿರುವಂತೆ ಇನ್ನೊಂದು ಚಿತ್ರ ಬರೆದ.

1878ರಲ್ಲಿ ಗ್ರುನ್‌ವಾಲ್ಡ್ ಮುಗಿಯಿತು. 1410ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಸೇರಿ ಟ್ಯೂಟಾನಿಕ್ ಪಡೆ ಎಂಬ ಜರ್ಮನ್ ಕ್ರೈಸ್ತ ಯೋಧರ ಸಂಘವನ್ನು ಮಣಿಸಿದ ಕದನ ಅದು. ಚಿತ್ರದ ನಡುವೆ ಕೆಂಪು ಉಡುಪಿನ ಲಿಥುವೇನಿಯಾದ ದೊರೆ ವಿಟಾವ್ಟಸ್ ಕತ್ತಿ ಎತ್ತಿದ್ದಾನೆ. ಒಂದು ಬದಿಯಲ್ಲಿ ಟ್ಯೂಟಾನಿಕ್ ಮುಖಂಡ ಸಾಯುತ್ತಿದ್ದಾನೆ. ಜನ ಜಾಸ್ತಿ, ಉಸಿರಾಡಲು ಜಾಗವಿಲ್ಲ ಎಂದು ಆಗಲೇ ಟೀಕೆ ಬಂತು. ಅದು ಸುಳ್ಳೂ ಅಲ್ಲ. ಆದರೂ ಆ ವರ್ಷ ಕ್ರಾಕೋವ್ ನಗರ ಅವನ ಕೈಗೆ ರಾಜದಂಡ ಕೊಟ್ಟಿತು. ರಾಜನಿಲ್ಲದ ನಾಡಿನಲ್ಲಿ ಚಿತ್ರಕಾರನಿಗೆ!

ಜರ್ಮನ್ನರಿಗೆ ಆ ಸೋಲು ಮರೆತಿರಲಿಲ್ಲ. ಅವರ ಬಾಯಲ್ಲಿ ಆ ಕದನದ ಹೆಸರು ಟಾನೆನ್‌ಬರ್ಗ್. 1914ರಲ್ಲಿ ಅದೇ ಸೀಮೆಯಲ್ಲಿ ರಷ್ಯನ್ನರನ್ನು ಸೋಲಿಸಿ, ಆ ಗೆಲುವಿಗೂ ಟಾನೆನ್‌ಬರ್ಗ್ ಎಂದೇ ಹೆಸರಿಟ್ಟರು. ಕ್ರಾಕೋವ್‌ನಲ್ಲಿ 1910ರಲ್ಲಿ ನಿಲ್ಲಿಸಿದ್ದ ಗ್ರುನ್‌ವಾಲ್ಡ್ ಸ್ಮಾರಕವನ್ನು ನಾಜಿಗಳು ಒಡೆದು ಹಾಕಿದರು. ಚಿತ್ರ ಕೈಗೆ ಸಿಕ್ಕಿದ್ದರೆ ಅದರ ಗತಿಯೂ ಅಷ್ಟೇ.

ಅದು ಲುಬ್ಲಿನ್ ಅಂಚಿನಲ್ಲಿ ಮಣ್ಣಿನಡಿ ಹೂತಿತ್ತು. 1944ರಲ್ಲಿ ಅಗೆದು ತೆಗೆದಾಗ ತೇವ ತನ್ನ ಕೆಲಸ ಮಾಡಿತ್ತು. ಸರಿಪಡಿಸುವಷ್ಟರಲ್ಲಿ 1949 ಬಂತು.