ಔರಿಯಸ್: ರೋಮಿನ ಹೊನ್ನು

ಕನ್ನಡದಲ್ಲಿ ‘ಹೊನ್ನು’ ಲೋಹವೂ ಹೌದು, ನಾಣ್ಯವೂ ಹೌದು. ಪ್ರಾಚೀನ ರೋಮಿನ ಚಿನ್ನದ ನಾಣ್ಯಕ್ಕಿದ್ದ ಲ್ಯಾಟಿನ್ ಹೆಸರು ‘ಔರಿಯಸ್’ ಕೂಡ ಅದೇ ಜಾಡಿನ ಪದ: ‘ಔರಮ್’ ಎಂದರೆ ಚಿನ್ನ, ‘ಔರಿಯಸ್’ ಎಂದರೆ ಚಿನ್ನದ್ದು. ಒಂದು ಔರಿಯಸ್‌ಗೆ ‘ಡಿನೇರಿಯಸ್’ ಎಂಬ 25 ಬೆಳ್ಳಿ ನಾಣ್ಯ. ನಮ್ಮ ಚಿನ್ನದ ನಾಣ್ಯದ ಹೆಸರು ‘ದೀನಾರ’ ಬಂದದ್ದು ಆ ಡಿನೇರಿಯಸ್‌ನಿಂದಲೇ. ಬೆಳ್ಳಿಯ ಹೆಸರು ಇಲ್ಲಿ ಚಿನ್ನಕ್ಕೆ ಅಂಟಿಕೊಂಡಿತು.

ಹೆಸರು ಲೋಹದ್ದಾದ್ದರಿಂದ ತೂಕ ಇಳಿದರೂ ಹೆಸರು ಉಳಿಯಿತು. ಜೂಲಿಯಸ್ ಸೀಸರನ ಕಾಲದಲ್ಲಿ ಒಂದು ರೋಮನ್ ಪೌಂಡ್ ಚಿನ್ನಕ್ಕೆ 40 ನಾಣ್ಯ, ತಲಾ ಸುಮಾರು 8 ಗ್ರಾಂ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ಅದನ್ನು 45 ಮಾಡಿದ. ತೂಕ ಸುಮಾರು 7.3 ಗ್ರಾಂಗೆ ಬಂತು. ಮುಂದೆ ಚಕ್ರವರ್ತಿ ಕ್ಯಾರಕಲ್ಲ 50 ಮಾಡಿದ. 4ನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಪೌಂಡಿಗೆ 72ರಂತೆ ಹೊಡೆಸಿದ್ದು ‘ಸೊಲಿಡಸ್’, ಅಂದರೆ ಗಟ್ಟಿ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವು ಈ ಸೊಲಿಡಸ್ ಕಾಲದವು. ಅವನ್ನು ಔರಿಯಸ್ ಎನ್ನುವುದು ತಪ್ಪು.

ಮುಂಬದಿಯಲ್ಲಿ ಚಕ್ರವರ್ತಿಯ ತಲೆ, ಸುತ್ತ ಬಿರುದುಗಳ ಮೊಟಕು ರೂಪ. ಕಾಲ ಗೊತ್ತುಮಾಡಲು ‘ಟಿಆರ್ ಪಿ’ ಹುಡುಕಬೇಕು (ಟಿವಿಯವರದ್ದಲ್ಲ!). ಅದು ಟ್ರಿಬ್ಯೂನ್, ಅಂದರೆ ಜನಸಾಮಾನ್ಯರ ಪ್ರತಿನಿಧಿಯ, ಅಧಿಕಾರದ ಗುರುತು. ವರ್ಷವರ್ಷವೂ ನವೀಕರಣವಾಗುತ್ತಿದ್ದ ಅಧಿಕಾರವಾದ್ದರಿಂದ ಪಕ್ಕದ ಅಂಕಿಯಿಂದ ಇಸವಿ ಸಿಗುತ್ತದೆ. ಟಿಬೇರಿಯಸ್‌ನ ಹೆಚ್ಚಿನ ನಾಣ್ಯಗಳಲ್ಲಿ ಈ ಉಪಾಯ ನಡೆಯದು: ಕುಳಿತ ಹೆಂಗಸಿನ ಒಂದೇ ಚಿತ್ರ, ಅಂಕಿಯಿಲ್ಲದ ಒಂದೇ ಬಿರುದು, ಬಹುತೇಕ ಇಡೀ ಆಳ್ವಿಕೆಗೆ.

ಹಿಂಬದಿಯೇ ಅರಮನೆಯ ಸುದ್ದಿಪತ್ರ. ಅಗಸ್ಟಸನ ನಾಣ್ಯದಲ್ಲಿ ಗುರಾಣಿ, ಈಟಿ ಹಿಡಿದು ನಿಂತ ಇಬ್ಬರು ಅವನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್. ‘ವಾರಸುದಾರರು ಇವರೇ’ ಎಂಬ ಘೋಷಣೆ ಅದು. ಇಬ್ಬರೂ ತಾತನಿಗಿಂತ ಮೊದಲೇ ತೀರಿಕೊಂಡರು. ಕ್ಲಾಡಿಯಸ್‌ನ ವಿಜಯ ಕಮಾನು ಬ್ರಿಟನ್ ಗೆದ್ದದ್ದಕ್ಕೆ. ನೀರೋನ ನಾಣ್ಯದಲ್ಲಿ ಬಾಗಿಲುಗಳ ದೇವರು ಜೇನಸ್‌ನ ಗುಡಿಯ ಬಾಗಿಲು ಮುಚ್ಚಿದೆ: ಯುದ್ಧವಿಲ್ಲ ಎಂದರ್ಥ.

ಕೈಯಲ್ಲಿ ಸುತ್ತಿಗೆ ಬಡಿದು ಅಚ್ಚು ಒತ್ತಿದ್ದರಿಂದ ಚಿತ್ರ ಒಂದು ಬದಿಗೆ ಸರಿದಿರುವುದು ಸಹಜ, ಅದು ನಕಲಿಯ ಲಕ್ಷಣವಲ್ಲ. ಅನುಮಾನಿಸಬೇಕಾದದ್ದು ಅಂಚಿನ ಸುತ್ತ ಓಡುವ ಬೆಸುಗೆಯಂಥ ಗೆರೆಯನ್ನು. ಎರಕದ ನಕಲಿಗಳಲ್ಲಿ ಎರಡು ಅಚ್ಚು ಕೂಡಿದ ಜಾಗ ಹಾಗೆ ಕಾಣುತ್ತದೆ. ಅಳತೆ ಸರಿಯಿದ್ದು ತೂಕ ತೀರಾ ಕಡಿಮೆಯಿದ್ದರೆ ಒಳಗೆ ತಾಮ್ರವೋ ಬೆಳ್ಳಿಯೋ ಇರಬಹುದು.

ಭಾರತದಲ್ಲಿ ಸಿಕ್ಕವುಗಳ ಗಾಯದ ಕಥೆ ಬೇರೆ. 1898ರಲ್ಲಿ ಪುದುಕೋಟೆಯಲ್ಲಿ ದೊರೆತ 501 ಔರಿಯಸ್‌ಗಳಲ್ಲಿ ಬಹುಪಾಲಿಗೆ ಚಕ್ರವರ್ತಿಯ ಮುಖದ ಮೇಲೇ ಉಳಿಯ ಕಚ್ಚು ಬಿದ್ದಿದೆ. ನಾಣ್ಯವಾಗಿ ಮತ್ತೆ ಚಲಾವಣೆಗೆ ಬರದಿರಲಿ, ಬರೀ ಚಿನ್ನವಾಗಿ ಉಳಿಯಲಿ ಎಂದು ಹಾಗೆ ಮಾಡಿದರೆಂಬುದು ಹಲವರ ಅಭಿಪ್ರಾಯ. ಇನ್ನು ಕೆಲವಕ್ಕೆ ತೂತು ಕೊರೆದೋ ಕೊಂಡಿ ಬೆಸೆದೋ ಕೊರಳಿಗೆ ಹಾಕಿಕೊಂಡರು, ನಮ್ಮ ಕಾಸಿನ ಸರದ ಹಾಗೆ. ಅಂಥ ನಾಣ್ಯ ತೂಗುವಾಗ ತೂತಿನಿಂದ ಹೋದದ್ದನ್ನೂ ಬೆಸುಗೆಯಿಂದ ಸೇರಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.